ಹತ್ತೊಂಬತ್ತು ಹಲ್ಲಿನ ಬಾಯಿ

ಕಂತು ಹನ್ನೊಂದು

"ಎಣಿಸಿ ನೋಡಿ," ಅಂದೆ.

ಚೀಟಿ ಬರೆಯುವ ಹೆಂಗಸು ಪೆನ್ನು ಕೆಳಗಿಟ್ಟು ಹಿಂದೆ ತಿರುಗಿದಳು. ಅವಳ ಬೆನ್ನ ಹಿಂದಿನ ಗೋಡೆಯಲ್ಲಿ ಆಳೆತ್ತರದ ಪಟ. ಅದರಲ್ಲಿ ಒಂದು ಮಗುವಿನ ತೆರೆದ ಬಾಯಿ. ಮೂಗಿನಿಂದ ಮೇಲೆ ಏನೂ ಇಲ್ಲ, ಗದ್ದದಿಂದ ಕೆಳಗೆ ಏನೂ ಇಲ್ಲ, ಬರೀ ಬಾಯಿ. ತಲೆಬರಹದಲ್ಲಿ 'ಮಗುವಿನ ಇಪ್ಪತ್ತು ಹಾಲುಹಲ್ಲುಗಳು'. ಕಾಲಬುಡದಲ್ಲಿ ಶಾಲೆಗಳಿಗೆ ಪಟ ಅಚ್ಚು ಹಾಕುವ ಈ ಕಂಪನಿಯ ಹೆಸರು, 'ಎಲ್ಲ ಹಕ್ಕುಗಳನ್ನು ಕಾದಿರಿಸಿದೆ' ಎಂಬ ಸಾಲು.

"ಏನನ್ನ ಎಣಿಸೋದು?"

"ಹಲ್ಲು."

"ಇಪ್ಪತ್ತು ಅಂತ ಬರ್ದೇ ಇದೆಯಲ್ಲ ಮೇಡಂ."

"ಓದಿ ಅನ್ನಲಿಲ್ಲ. ಎಣಿಸಿ ಅಂದೆ."

ಎದ್ದು ಹೋಗಿ ಬೆರಳಿಟ್ಟು ಎಣಿಸಿದಳು. ಮತ್ತೊಮ್ಮೆ ಎಣಿಸಿದಳು. ಮೂರನೇ ಸಲ ಕೆಳಗಿನ ಸಾಲಿನಿಂದ ಶುರು ಮಾಡಿದಳು.

"ಹತ್ತೊಂಬತ್ತೇ ಬರ್ತಿದೆ."

"ಈ ಕುರ್ಚಿಯಲ್ಲಿ ಎಷ್ಟು ವರ್ಷದಿಂದ ಕೂತಿದ್ದೀರಿ?"

"ಹದಿನಾರು," ಅಂದವಳು ನನ್ನ ಮುಖ ನೋಡದೆ ಕುರ್ಚಿಗೆ ಮರಳಿದಳು.

ಅವಳನ್ನು ಅಂದು ಏನು ಪ್ರಯೋಜನ? ಮೂವತ್ತನಾಲ್ಕು ವರ್ಷಗಳಿಂದ ಈ ಪಟ ಸಾವಿರಾರು ಶಾಲೆಗಳ ಗೋಡೆಯಲ್ಲಿ ನೇತಾಡುತ್ತಿದೆ. ಅದರ ಕೆಳಗೆ ನಿಂತು ಲಕ್ಷಾಂತರ ಮಕ್ಕಳು 'ಇಪ್ಪತ್ತು' ಎಂದು ರಾಗ ಎಳೆದಿದ್ದಾರೆ. ಕೋಲು ಹಿಡಿದು ತೋರಿಸಿದ ಮೇಷ್ಟ್ರುಗಳಲ್ಲಿ ಒಬ್ಬನೂ ಎಣಿಸಲಿಲ್ಲ. ಇದನ್ನು ಕದ್ದು ಅಚ್ಚು ಹಾಕಿದ ಬೇರೆ ಮೂರು ಕಂಪನಿಗಳೂ ಎಣಿಸಲಿಲ್ಲ. ಅವರ ಪಟಗಳಲ್ಲೂ ಹತ್ತೊಂಬತ್ತೇ. ಮಗುವಿನ ಬಾಯಿ ನೋಡಿ ಬರೆದಿದ್ದರೆ ಇಪ್ಪತ್ತು ಬರುತ್ತಿತ್ತು. ಪಟ ನೋಡಿ ಬರೆದ ಮುಟ್ಠಾಳರಿಗೆ ಪಟದ ತಪ್ಪೂ ಬಂತು. ಕಳ್ಳನಿಗೆ ಸೋಮಾರಿತನವೂ ಇದ್ದರೆ ನನ್ನಂಥವಳ ಕೆಲಸ ಹಗುರ.

ಲೆಕ್ಕ ತಪ್ಪಿದ್ದು ಬರೆದವರ ಕೈಯಿಂದಲ್ಲ. ಕೆಳಸಾಲಿನ ಮುಂಭಾಗದಲ್ಲಿ ಒಂದು ಹಲ್ಲು ಉಳಿದವುಗಳ ಎರಡರಷ್ಟು ಅಗಲ, ನಡುವೆ ಸಣ್ಣ ಗೀರು. ಎರಡು ಹಲ್ಲು ಅಂಟಿಕೊಂಡು ಒಂದಾಗಿ ಹುಟ್ಟಿದ್ದು. ನೂರರಲ್ಲಿ ಒಂದು ಮಗುವಿಗೆ ಹೀಗಾಗುತ್ತದೆ, ಹಾಲುಹಲ್ಲು ಬಿದ್ದ ಮೇಲೆ ಆ ಜಾಗದಲ್ಲಿ ಬಹಳ ಸಲ ಹೊಸ ಹಲ್ಲೂ ಒಂದು ಕಮ್ಮಿ ಬರುತ್ತದೆ ಎಂದು ದಂತವೈದ್ಯರು ನನಗೆ ಮೊನ್ನೆ ಹೇಳಿದ್ದರು. ಅಂದರೆ ಇದು ಯಾವುದೋ ಒಂದು ಮಗುವಿನ, ಆ ಒಂದೇ ಮಗುವಿನ ಬಾಯಿ.

ಆ ಮಗು ಈಗ ನಲವತ್ತನಾಲ್ಕರ ಹೆಂಗಸಾಗಿ, ಶಾಲೆಗೆ ರಜೆ ಹಾಕಿ, ನನ್ನ ಪಕ್ಕದ ಬೆಂಚಿನಲ್ಲಿ ಕೈಚೀಲ ಅವಚಿಕೊಂಡು ಕೂತಿದ್ದಳು. ಹಾಗೆಂದು ನಾನು ನಂಬಿದ್ದೆ.

ಟೀಚರಮ್ಮನ ಅಪ್ಪ ಈ ಕಂಪನಿಯ ಚಿತ್ರಗಾರ. ಹೋದ ವರ್ಷ ಅರವತ್ತಾರಕ್ಕೆ ತೀರಿಹೋದ. ಹಲ್ಲಿನ ಪಟ ಅವನು ಕೆಲಸದಲ್ಲಿದ್ದಾಗ ಬರೆದದ್ದು, ಆದ್ದರಿಂದ ಕಂಪನಿಯದು ಎಂದು ಇವರ ವಾದ. ಸೇರುವ ಮೊದಲೇ ಮನೆಯಲ್ಲಿ ಕೂತು ತನ್ನ ಬಾಯಿ ನೋಡಿ ಬರೆದದ್ದು ಎಂದು ಮಗಳ ವಾದ. ನಾಡಿದ್ದು ಬೆಳಿಗ್ಗೆ ಹನ್ನೊಂದಕ್ಕೆ ನ್ಯಾಯಾಲಯದಲ್ಲಿ ಕೊನೆಯ ವಿಚಾರಣೆ. ಅಲ್ಲಿ ಸೋತರೆ ಆ ಪಟದ ಮೇಲೆ ಅವಳ ಅಪ್ಪನ ಹೆಸರು ಇನ್ನು ಯಾವ ಕಾಲಕ್ಕೂ ಬರುವುದಿಲ್ಲ. ಅವಳಿಗೆ ಬೇಕಿದ್ದದ್ದು ಅದೊಂದೇ.

"ಚೀಟಿ ತುಂಬಿಸಿ ಮೇಡಂ. ಬಂದ ಕಾರಣ ಬರೀಲೇಬೇಕು."

ಎರಡು ಹಾಳೆ, ನಡುವೆ ಕಾರ್ಬನ್. ಈ ಕಾಲದಲ್ಲಿ ಕಾರ್ಬನ್ ಹಾಳೆ ಎಲ್ಲಿ ಸಿಗುತ್ತದೋ ದೇವರಿಗೇ ಗೊತ್ತು.

"ಎರಡ್ಯಾಕೆ?"

"ಒಂದು ಸಾಹೇಬರಿಗೆ, ಒಂದು ಮೇಲಕ್ಕೆ. ಸಾಹೇಬರ ತಾಯಿ ಮೇಲಿದ್ದಾರೆ. ಯಾರು ಬಂದ್ರು, ಯಾಕೆ ಬಂದ್ರು, ಎಲ್ಲಾ ಚೀಟಿನೂ ಓದ್ತಾರೆ. ದೊಡ್ಡ ಸಾಹೇಬರು ಇದ್ದಾಗಿನ ಪದ್ಧತಿ."

"ಕೆಳಗೆ ಬರಲ್ವಾ?"

"ನಾಲ್ಕು ವರ್ಷ ಆಯ್ತು ಮೆಟ್ಲು ಇಳಿದು. ಯಾರನ್ನೂ ನೋಡಲ್ಲ."

ಅದಕ್ಕೆ ಸರಿಯಾಗಿ ಮೇಲಿನಿಂದ ಕೋಲು ಕುಟ್ಟಿದ ಸದ್ದು ಕೇಳಿತು, ಟಕ್ ಟಕ್ ಎಂದು ಎರಡು ಸಲ. ಚೀಟಿ ಇನ್ನೂ ಯಾಕೆ ಬಂದಿಲ್ಲ ಎಂದು ಅದರ ಅರ್ಥವಂತೆ. 'ಬಂದ ಕಾರಣ' ಎಂಬಲ್ಲಿ ನಾನು ಕೊಬ್ಬಿನಿಂದಲೇ ಬರೆದೆ: 'ಹಾಲುಹಲ್ಲಿನ ಪಟ. ಹತ್ತೊಂಬತ್ತು ಹಲ್ಲು.' ಒಂದು ಪ್ರತಿ ಒಳಗೆ ಹೋಯಿತು, ಇನ್ನೊಂದು ತಂತಿಯ ಬುಟ್ಟಿಯಲ್ಲಿ ಕೂತು ಹಗ್ಗದ ಮೇಲೆ ಮಹಡಿ ಹತ್ತಿತು.

*

ಕೋಣೆಯ ಮೂರು ಗೋಡೆಗೂ ಪಟಗಳಿದ್ದವು: ಹೃದಯ, ಕಿವಿ, ಸೀಳಿದ ಹೂವು, ಬೆನ್ನ ಮೇಲೆ ಮಲಗಿದ ಕಪ್ಪೆ. ಮಧ್ಯದಲ್ಲಿ ಗಾಜು ಹೊದಿಸಿದ ಮೇಜು, ಅದರ ಆಚೆ ಕಂಪನಿಯ ಮಾಲೀಕ, ಪಟದ ಸಾಹುಕಾರ.

ಅವನನ್ನು ನಾನು ಹತ್ತಿರದಿಂದ ನೋಡಿದ್ದು ಅಂದೇ ಮೊದಲು. ಅರವತ್ತು ದಾಟಿದ ಮನುಷ್ಯ, ಇಸ್ತ್ರಿ ಮುರಿಯದ ಅಂಗಿ. ಕೆಳತುಟಿಯನ್ನು ಬಿಗಿಹಿಡಿದು ಮೇಲ್ದುಟಿಯಿಂದಷ್ಟೇ ಮಾತಾಡುತ್ತಿದ್ದ. ಎದುರಿನವರಿಗೆ ಪೂರ್ತಿ ಬಾಯಿ ತೆರೆಯುವುದೂ ದಂಡ ಎನ್ನುವ ಠೀವಿ ಎಂದುಕೊಂಡೆ. ಅವನ ಬಲಕ್ಕೆ ಕರಿಕೋಟಿನ ವಕೀಲ ಕಡತ ಬಿಡಿಸಿಕೊಂಡು ಕೂತಿದ್ದ.

"ಬನ್ನಿ ಮುದ್ರೆಯಮ್ಮ," ಅಂದ ಸಾಹುಕಾರ.

ಅದು ನನ್ನ ಹಳೆಯ ಅಡ್ಡಹೆಸರು. ಕೃತಿಸ್ವಾಮ್ಯ ನೋಂದಣಿ ಕಚೇರಿಯಲ್ಲಿ ಇಪ್ಪತ್ತೇಳು ವರ್ಷ ಮುದ್ರೆ ಒತ್ತಿದ್ದೇನೆ. ನಿವೃತ್ತಿಯಾದ ಮೇಲೆ ವಕೀಲರ ಪರವಾಗಿ ಪತ್ತೆ ಕೆಲಸ. ಆ ಹೆಸರನ್ನು ಅವನು ನಾಲಿಗೆ ತುದಿಯಿಂದ ಹೇಳಿದ ರೀತಿಗೆ ಅವನ ಗಾಜಿನ ಮೇಜನ್ನು ಒಡೆಯಬೇಕೆನಿಸಿತು.

"ರಾಜಿ ಪತ್ರ ರೆಡಿ ಇದೆ," ಅಂದ ವಕೀಲ. ಹಾಳೆಯೊಂದನ್ನು ಟೀಚರಮ್ಮನ ಕಡೆ ತಳ್ಳಿದ. "ಸಹಿ ಮಾಡಿದ್ರೆ ನಾಡಿದ್ದು ಯಾರೂ ಕೋರ್ಟಿಗೆ ಅಲೆಯೋದು ಬೇಡ. ನೀವು ಕೇಸು ವಾಪಸ್ ತಗೋತೀರಿ, ಕಂಪನಿ ಒಂದು ಸನ್ಮಾನ ಮಾಡತ್ತೆ, ಶಾಲು ಹೊದಿಸ್ತಾರೆ."

ಟೀಚರಮ್ಮ ಹಾಳೆಯನ್ನು ಮೇಲಿಂದ ಕೆಳಗೆ ಓದಿದಳು. "ಇದರಲ್ಲಿ ಅಪ್ಪನ ಹೆಸರೆಲ್ಲಿದೆ?"

"ಹೆಸರು ಯಾಕೆ? ನೌಕರರ ಹೆಸರು ಪಟದ ಮೇಲೆ ಹಾಕಲ್ಲ."

"ಹಾಗಿದ್ರೆ ನಿಮ್ಮ ಶಾಲು ನೀವೇ ಹೊದ್ಕೊಳ್ಳಿ," ಅಂದು ಹಾಳೆಯನ್ನು ಹಿಂದಕ್ಕೆ ತಳ್ಳಿದಳು. ನನಗೆ ಆ ಹೆಂಗಸಿನ ಮೇಲೆ ಅಭಿಮಾನ ಉಕ್ಕಿತು.

ಸಾಹುಕಾರ ನನ್ನ ಕಡೆ ತಿರುಗಿದ. "ಮುದ್ರೆಯಮ್ಮ, ಹಲ್ಲು ಅಂದ್ರೆ ಹಲ್ಲು. ದೇವರು ಮಾಡಿದ್ದು. ಅದಕ್ಕೊಬ್ಬ ಹಕ್ಕುದಾರ ಅಂತ ಇರ್ತಾನಾ?"

"ಹಲ್ಲಿಗೆ ಇಲ್ಲ. ನಾಳೆ ಯಾರು ಬೇಕಾದ್ರೂ ಮಗುವಿನ ಬಾಯಿ ತೆಗೆಸಿ, ನೋಡಿ, ಬರೀಬಹುದು. ಆದ್ರೆ ಆ ಗೆರೆ, ಆ ನೆರಳು, ಒಸಡಿನ ಆ ಬಣ್ಣ, ಅದು ಬರೆದ ಕೈಯದು. ಕಾಗದದ ಮೇಲೆ ಬಿದ್ದ ಕ್ಷಣದಿಂದ ಅದರದೇ. ಬರೆದವರು ಸತ್ತ ಮೇಲೂ ಎಷ್ಟೋ ದಶಕ ಅವರ ಮನೆಯವರದು. ನಿಮ್ಮ ವಕೀಲರು ಇದನ್ನ ಓದಿರಬೇಕು."

"ಓದಿದ್ದೀನಿ," ಅಂದ ವಕೀಲ ಹುಳ್ಳಗೆ. "ಸಂಬಳಕ್ಕಿದ್ದವನು ಕೆಲಸದಲ್ಲಿ ಬರೆದದ್ದು ಸಂಬಳ ಕೊಟ್ಟವರದು, ಅದನ್ನೂ ಓದಿದ್ದೀನಿ."

"ಸೇರೋ ಮೊದಲು ಬರೆದದ್ದು?"

"ಅದು ಅವನದೇ. ನಮಗೆ ಬರೆದುಕೊಟ್ಟ ಕಾಗದ ಇಲ್ದೆ ಇದ್ರೆ." ಒಂದು ಕ್ಷಣ ಬಿಟ್ಟು ಸೇರಿಸಿದ: "ಆದ್ರೆ ಮೊದಲು ಬರೆದ ಅಂತ ಸಾಬೀತು ಮಾಡೋದು ನಿಮ್ಮ ತಲೆನೋವು."

ನಾನು ಕಾದಿದ್ದು ಇದಕ್ಕೇ. ಬಟ್ಟೆಯಲ್ಲಿ ಸುತ್ತಿದ್ದ, ಕೈಯಲ್ಲಿ ಬರೆದ ಮೂಲಚಿತ್ರದ ರಟ್ಟನ್ನು ಬಿಚ್ಚಿ ಮೇಜಿನ ಮೇಲಿಟ್ಟೆ. ಅಚ್ಚಾದ ಪಟಕ್ಕಿಂತ ಚಿಕ್ಕದು, ನೂರು ಪಾಲು ಜೀವಂತ. ಎಂಜಲಿನ ಹೊಳಪು ಕೂಡ ಕಾಣುತ್ತಿತ್ತು. ಕೆಳಗಿನ ಬಲ ಮೂಲೆಯಲ್ಲಿ ಬೆರಳಗಲದಷ್ಟು ಜಾಗವನ್ನು ಬ್ಲೇಡಿನಿಂದ ಕೆರೆದು ತೆಗೆದಿದ್ದರು.

"ಇಲ್ಲಿ ಬರೆದವರ ಸಹಿ ಇತ್ತು," ಅಂದೆ. "ನೀವು ಕೆರೆಸಿದ್ರಿ."

ಸಾಹುಕಾರ ರಟ್ಟನ್ನು ಮುಟ್ಟಲಿಲ್ಲ. ಅದನ್ನು ಕಂಡೊಡನೆ ಅವನ ಕಣ್ಣು ಒಂದು ಸಲ ಮೇಲಕ್ಕೆ, ಮಾಳಿಗೆಯ ಕಡೆಗೆ ಹೋಗಿ ಬಂತು. ಆಗ ಅದು ನನಗೆ ತಿಳಿಯಲಿಲ್ಲ. ತಿಳಿಯದ್ದಕ್ಕೆ ಈಗಲೂ ನಾಚಿಕೆಯಿದೆ.

"ಟೀಚರ್, ಇದು ಇಷ್ಟು ವರ್ಷ ಎಲ್ಲಿತ್ತು?" ಅಂದ.

"ನಮ್ಮನೆ ಟ್ರಂಕಲ್ಲಿ."

"ನಮ್ಮ ಕೈಗೆ ಯಾವಾಗ ಬಂತು?"

"ಫೋಟೋ ಹಿಡಿಯೋಕೆ ಅಂತ ಒಂದೇ ದಿನ ನಿಮ್ಮ ಪ್ರೆಸ್ಸಿಗೆ ಬಂದಿತ್ತು. ಅಪ್ಪ ಪಕ್ಕದಲ್ಲೇ ಕೂತಿದ್ರಂತೆ. ಸಾಯಂಕಾಲ ಅವರೇ ವಾಪಸ್ ತಂದ್ರು. ಯಾರ ಕೈಗೂ ಕೊಡ್ತಿರಲಿಲ್ಲ."

"ಹಾಗಿದ್ರೆ ಬ್ಲೇಡು ಯಾರ ಕೈಯಲ್ಲಿತ್ತು ಮುದ್ರೆಯಮ್ಮ?"

ಹೋದ ವಾರವೆಲ್ಲ ಆ ಕೆರೆತವನ್ನು ಕಂಪನಿಯ ತಲೆಗೆ ಕಟ್ಟಿ ಖುಷಿಪಟ್ಟಿದ್ದೆ. ಈ ಸರಳ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಅದನ್ನು ಮುಚ್ಚಿಕೊಳ್ಳಲು ಅವಸರದಲ್ಲಿ ಡಬ್ಬಿಯನ್ನು ಹೊರತೆಗೆದೆ.

*

ಅಂಗೈಯಗಲದ ತಗಡಿನ ಡಬ್ಬಿ. ಇರುವೆ ಸೇರದಂತೆ ಮುಚ್ಚಳದ ಸುತ್ತ ಕೆಂಪು ಅರಗು. ಮೇಲೆ ಚಿತ್ರಗಾರನ ಕೈಬರಹ: 'ಮಗಳ ಹಾಲುಹಲ್ಲು'.

ಹಲ್ಲು ಬಿದ್ದಾಗಲೆಲ್ಲ ಅವನು ಅದನ್ನು ಚೀಟಿಯಲ್ಲಿ ಸುತ್ತಿ, ದಿನಾಂಕ ಬರೆದು, ಇದರಲ್ಲಿ ಹಾಕುತ್ತಿದ್ದನಂತೆ. ಇದು ನನ್ನ ಕೊನೆಯ ಬಾಣ. ಒಳಗೆ ಆ ಅಗಲದ ಜೋಡಿ ಹಲ್ಲಿರುತ್ತದೆ. ಅದರ ಚೀಟಿಯಲ್ಲಿ ಟೀಚರಮ್ಮನ ಆರನೆಯದೋ ಏಳನೆಯದೋ ವಯಸ್ಸಿನ ದಿನಾಂಕವಿರುತ್ತದೆ. ಅಪ್ಪ ಇಲ್ಲಿ ಕೆಲಸಕ್ಕೆ ಸೇರಿದ್ದು ಅವಳಿಗೆ ಒಂಬತ್ತಾದಾಗ. ಬಿದ್ದುಹೋದ ಹಲ್ಲನ್ನು ಬಾಯಲ್ಲಿ ನೋಡಿ ಬರೆಯಲು ಯಾವ ಗಂಡಿಗೂ ಆಗದು. ಕೇಸು ಮುಗಿಯಿತು.

ನಾಲ್ಕು ದಿನದ ಹಿಂದೆ ಟೀಚರಮ್ಮ ಅದನ್ನು ತಂದಾಗ, "ತೆಗೆದು ನೋಡೋಣ್ವಾ ಅಕ್ಕ?" ಎಂದು ಕೇಳಿದ್ದಳು. ನಾನೇ ಬೇಡ ಅಂದೆ. ತೆರೆದ ಡಬ್ಬಿ ಬರೀ ಡಬ್ಬಿ, ಮುಚ್ಚಿದ ಡಬ್ಬಿ ಸಾಕ್ಷಿ, ಎರಡೂ ಕಡೆಯವರ ಮುಂದೆಯೇ ಒಡೆಯೋಣ ಎಂದು ಪಾಠ ಹೇಳಿದೆ.

ಅದು ನಮ್ಮ ಕಚೇರಿಯ ಚಾಳಿ. ಅಲ್ಲಿಗೆ ಎಂಥೆಂಥವರು ಬರುತ್ತಿದ್ದರು. ಬರೆದ ಪದ್ಯವನ್ನು ತಮಗೆ ತಾವೇ ರಿಜಿಸ್ಟರ್ಡ್ ಪೋಸ್ಟ್ ಮಾಡಿಕೊಂಡು, ಒಡೆಯದ ಲಕೋಟೆ ಎದೆಗವಚಿ, ಇಗೋ ನನ್ನ ಹಕ್ಕು ಎನ್ನುತ್ತಿದ್ದರು. ಅಂಚೆಯ ಠಸ್ಸೆ ಬಿದ್ದರೆ ಪದ್ಯ ತನ್ನದಾಯಿತು ಎಂದುಕೊಂಡ ಮಂಕುಗಳು. ನಮ್ಮ ಮುದ್ರೆಯಾದರೂ ಏನು? ಇಂಥವರು ಇಂಥ ದಿನ ಬಂದು ಇದು ನನ್ನದು ಅಂದರು, ಅಷ್ಟೇ ಅದರ ಅರ್ಥ. ನಿಜವಾಗಿ ಯಾರದು ಎಂದು ನಾವು ಒಳಹೊಕ್ಕು ನೋಡುತ್ತಿರಲಿಲ್ಲ. ಆಕ್ಷೇಪಣೆ ಬರಲಿಲ್ಲ, ಅರ್ಜಿ ಸರಿಯಿದೆ, ಒತ್ತು ಮುದ್ರೆ. ಇಪ್ಪತ್ತೇಳು ವರ್ಷ ಹಾಗೆ ಒತ್ತಿ, ಮುಚ್ಚಿದ್ದರ ಮೇಲೆ ನನಗೊಂದು ಭಕ್ತಿ ಬೆಳೆದುಬಿಟ್ಟಿತ್ತು.

"ವಕೀಲರೇ, ನೀವೇ ಒಡೀರಿ," ಅಂದೆ. "ಆಮೇಲೆ ನಾವೇನೋ ಒಳಗೆ ತುರುಕಿದ್ವಿ ಅನ್ನೋದು ಬೇಡ."

ವಕೀಲ ಕಾಗದ ಕತ್ತರಿಸುವ ಚಾಕುವಿನಿಂದ ಅರಗು ಕೆರೆದ. ಮುಚ್ಚಳ ಬಿಚ್ಚಿ, ಬಿಳಿ ಹಾಳೆ ಹಾಸಿ, ಡಬ್ಬಿಯನ್ನು ಬಗ್ಗಿಸಿದ. ಪುಟ್ಟ ಪುಟ್ಟ ಪೊಟ್ಟಣಗಳು ಉದುರಿದವು. ಒಂದೊಂದನ್ನೇ ಬಿಚ್ಚಿ, ದಿನಾಂಕ ಓದಿ, ಹಲ್ಲನ್ನು ಸಾಲಾಗಿ ಇಡುತ್ತಾ ಹೋದ. ಜೋರಾಗಿ ಎಣಿಸುತ್ತಿದ್ದ. ನಾನು ಎಣಿಕೆ ಕೇಳುತ್ತಿರಲಿಲ್ಲ, ಅಗಲದ ಹಲ್ಲಿಗಾಗಿ ಕಾಯುತ್ತಿದ್ದೆ.

ಹತ್ತಾಯಿತು. ಹದಿನೈದಾಯಿತು. ಕೆಳಗಿನ ಮುಂದಿನ ಹಲ್ಲುಗಳೆಲ್ಲ ಬಂದವು, ಅಕ್ಕಿಕಾಳಿನ ಹಾಗೆ ಸಣ್ಣಗೆ, ಬೇರೆಬೇರೆಯಾಗಿ.

"ಹತ್ತೊಂಬತ್ತು," ಅಂದ ವಕೀಲ. ಕೊನೆಯ ಪೊಟ್ಟಣ ಬಿಚ್ಚಿದ. ಅದು ಹಿಂದಿನ ದವಡೆಹಲ್ಲು. "ಇಪ್ಪತ್ತು."

ಮೂವತ್ತನಾಲ್ಕು ವರ್ಷ ಎಣಿಸದ ಮೇಷ್ಟ್ರುಗಳನ್ನೆಲ್ಲ ಬಾಯಿತುಂಬ ಬೈದವಳು ನಾಲ್ಕು ದಿನ ಕೈಚೀಲದಲ್ಲಿದ್ದ ಡಬ್ಬಿಯನ್ನು ಎಣಿಸಿರಲಿಲ್ಲ. ಟೀಚರಮ್ಮನ ಬಾಯಲ್ಲಿ ಕೆಳಗೆ ಮುಂದಿನ ಹಲ್ಲು ನಾಲ್ಕೂ ಇದ್ದದ್ದನ್ನು ನಾನು ಮೊದಲ ದಿನವೇ ನೋಡಿದ್ದೆ. 'ಬಹಳ ಸಲ' ಅಂದರೆ 'ಯಾವಾಗಲೂ' ಅಲ್ಲವಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಮುಂದೆ ಹೋಗಿದ್ದೆ. ನನ್ನ ಕಿವಿಯ ಮೇಲೆ ನಾನೇ ಹೂವಿಟ್ಟುಕೊಂಡಿದ್ದೆ.

ಟೀಚರಮ್ಮ ಒಂದು ಸಣ್ಣ ಹಲ್ಲನ್ನು ಎತ್ತಿಕೊಂಡಳು. ಅಂಗೈಯಲ್ಲಿಟ್ಟು ನೋಡಿದಳು.

"ಅದು ನನ್ನ ಬಾಯಿ ಅಂತ ಅಪ್ಪ ಹೇಳಿದ್ರು," ಅಂದಳು. ಯಾರಿಗೆ ಹೇಳಿದಳೋ ತಿಳಿಯದು. "ನಮ್ಮ ಕ್ಲಾಸಲ್ಲಿ ಆ ಪಟ ಇದೆ. ಪ್ರತಿ ವರ್ಷ ಹೊಸ ಮಕ್ಕಳು ಬಂದಾಗ ಹೇಳ್ತೀನಿ. ಇದು ನಿಮ್ಮ ಟೀಚರ್ ಬಾಯಿ, ಬರೆದಿದ್ದು ಟೀಚರ್ ಅಪ್ಪ ಅಂತ. ಇಪ್ಪತ್ತೊಂದು ವರ್ಷದಿಂದ ಹೇಳ್ತಿದ್ದೀನಿ."

ಅವಳ ದನಿ ಒಡೆಯಲಿಲ್ಲ. ಒಡೆದಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಆಗ ಸಾಹುಕಾರ ನಕ್ಕ.

ತಡೆಯಲಾಗದೆ ನಕ್ಕ. ತಲೆ ಹಿಂದಕ್ಕೆ ಹಾಕಿ, ಬಿಗಿಹಿಡಿದಿದ್ದ ತುಟಿಯನ್ನು ಮರೆತು, ನನ್ನ ಪೆದ್ದತನಕ್ಕೆ ಪೂರ್ತಿ ಬಾಯಿ ತೆರೆದು ನಕ್ಕ. ಆ ನಗುವಿನಲ್ಲಿದ್ದ ತಿರಸ್ಕಾರಕ್ಕೆ ನಾನು ಅರ್ಹಳೇ. ಆದರೆ ಅಂದು ನಾನು ಬೆಳಗಿನಿಂದ ಹಲ್ಲು ಎಣಿಸುತ್ತಿದ್ದವಳು. ಕಣ್ಣು ತಾನಾಗಿ ಎಣಿಸಿತು.

ಕೆಳಗೆ, ಎರಡು ಕೋರೆಹಲ್ಲುಗಳ ನಡುವೆ, ನಾಲ್ಕಿರಬೇಕಾದಲ್ಲಿ ಮೂರು.

"ನಿಮಗೆಷ್ಟು ವಯಸ್ಸು?" ಅಂದೆ.

"ಯಾಕೆ, ಹೆಣ್ಣು ತೋರಿಸ್ತೀರಾ?" ಇನ್ನೂ ನಗುತ್ತಲೇ ಇದ್ದ. "ಅರವತ್ತೊಂದು."

ಟೀಚರಮ್ಮನ ಅಪ್ಪ ಬದುಕಿದ್ದರೆ ಈಗ ಅರವತ್ತೇಳು. ಈ ಮನುಷ್ಯ ಐದು ವರ್ಷದ ಮಗುವಾಗಿ, ಬಾಯಿ ತುಂಬ ಹಾಲುಹಲ್ಲು ಇಟ್ಟುಕೊಂಡಿದ್ದಾಗ ಆ ಚಿತ್ರಗಾರನಿಗೆ ಹನ್ನೊಂದು. ಇಂಥ ಒಸಡು, ಇಂಥ ನೆರಳು ಹನ್ನೊಂದರ ಕೈಯಿಂದ ಬರುವುದಿಲ್ಲ. ಇದನ್ನು ಬರೆದದ್ದು ಪಳಗಿದ ಕೈ.

"ಐದು ವರ್ಷದ ಮಗು ಬಾಯಿ ತೆಗೆದು ಗಂಟೆಗಟ್ಟಲೆ ಅಲ್ಲಾಡದೆ ಯಾರ ಮುಂದೆ ಕೂತಿರತ್ತೆ?" ಅಂದೆ. "ಸಂಬಳದ ಚಿತ್ರಗಾರನ ಮುಂದಂತೂ ಅಲ್ಲ. ಅಮ್ಮನ ಮುಂದೆ."

ನಗು ನಿಂತಿತು. ಕೆಳತುಟಿ ಮತ್ತೆ ಬಿಗಿಯಾಯಿತು. ಅದು ಠೀವಿಯಲ್ಲ ಎಂದು ಈಗ ಗೊತ್ತಾಯಿತು.

"ವಕೀಲರೇ," ಅಂದ ಸಾಹುಕಾರ, "ಐದು ನಿಮಿಷ ಹೊರಗಿರಿ."

"ಸರ್, ನಾನಿದ್ರೆ—"

"ಹೊರಗಿರಿ ಅಂದೆ."

*

ಬಾಗಿಲು ಮುಚ್ಚಿತು. ಸಾಹುಕಾರ ಕುರ್ಚಿಯನ್ನು ಟೀಚರಮ್ಮನ ಕಡೆಗೆ ತಿರುಗಿಸಿದ. ನನ್ನನ್ನು ಲೆಕ್ಕದಿಂದಲೇ ಬಿಟ್ಟಂತಿತ್ತು.

"ನಿಮ್ಮಪ್ಪ ಕೆಲಸಕ್ಕೆ ಸೇರಿದ ಮೊದಲನೇ ತಿಂಗಳು ಗೋದಾಮಿನ ಹಳೇ ರಟ್ಟುಗಳನ್ನ ವಿಂಗಡಿಸೋಕೆ ಹಾಕಿದ್ವಿ. ತಿಂಗಳ ಕೊನೆಗೆ ಈ ರಟ್ಟು ತಂದು ನಮ್ಮಪ್ಪನ ಮೇಜಿನ ಮೇಲಿಟ್ಟ. ಮನೇಲಿ ನಾನೇ ಬರೆದಿದ್ದು ಸಾರ್, ನನ್ನ ಮಗಳ ಬಾಯಿ ಅಂದ. ಮೂಲೆ ಆಗಲೇ ಕೆರೆದಾಗಿತ್ತು."

ಟೀಚರಮ್ಮ ಅಂಗೈಯಲ್ಲಿದ್ದ ಹಲ್ಲನ್ನು ಸಾಲಿನಲ್ಲಿ ಅದರ ಜಾಗಕ್ಕೆ ಮತ್ತೆ ಇಟ್ಟಳು.

"ನಾನು ಅಲ್ಲೇ ನಿಂತಿದ್ದೆ. ನನ್ನ ಬಾಯಿ ನನಗೆ ಗೊತ್ತಾಗಲ್ವಾ? ನಮ್ಮಪ್ಪನಿಗೂ ಗೊತ್ತಾಯ್ತು. ಸುಮ್ನಿದ್ರು. ನಾನೂ ಸುಮ್ನಿದ್ದೆ. ಆಮೇಲೆ ನಿಮ್ಮಪ್ಪ ಇಪ್ಪತ್ತೆಂಟು ವರ್ಷ ಈ ಕಂಪನಿಯಲ್ಲಿ ಅದನ್ನ ತನ್ನ ಚಿತ್ರ ಅಂತ ಎದೆ ಉಬ್ಬಿಸ್ಕೊಂಡು ಓಡಾಡಿದ. ಹೆಸರು ಹಾಕಿ ಅಂತ ಅರ್ಜಿ ಮೇಲೆ ಅರ್ಜಿ ಕೊಟ್ಟ. ಒಂದೊಂದು ಅರ್ಜಿ ಓದುವಾಗ್ಲೂ ನಂಗೆ ನಗು ಬರ್ತಿತ್ತು."

"ಯಾಕೆ ಸುಮ್ನಿದ್ರಿ?" ಎಂದು ಕೇಳಿದ್ದು ಟೀಚರಮ್ಮ. ಉತ್ತರ ನನಗೆ ಅಷ್ಟರಲ್ಲಿ ಹೊಳೆದಿತ್ತು.

"ನಾನು ಹೇಳ್ತೀನಿ," ಅಂದೆ. "ನಿಮ್ಮಪ್ಪ ಬರೆದಿದ್ರೆ, ಸಂಬಳದವನು ಬರೆದಿದ್ದು ಅಂತ ಪಟ ಕಂಪನಿಯದಾಗತ್ತೆ. ಇವರ ತಾಯಿ ಬರೆದಿದ್ರೆ ಆಗಲ್ಲ. ಆಕೆ ಹೆಸರು ಯಾವ ಸಂಬಳದ ಪಟ್ಟಿಯಲ್ಲೂ ಇಲ್ಲ. ಆಕೆ ಯಾರಿಗೂ ಬರೆದುಕೊಟ್ಟಿಲ್ಲ. ಇವತ್ತಿಗೂ ಅದು ಆಕೆಯದು. ಈ ಮನುಷ್ಯನಿಗೆ ನಿಮ್ಮಪ್ಪನ ಕಳ್ಳತನ ಬೇಕಿತ್ತಮ್ಮ. ಇವರ ತಾಯಿ ಬರೆದಿದ್ದನ್ನ ನಿಮ್ಮಪ್ಪ ಆಕೆಯ ಗಂಡನಿಗೇ ತಂದುಕೊಟ್ಟ, ಮಾಲೀಕರನ್ನ ಬದಲಾಯಿಸಿ."

ಹನ್ನೊಂದು ವಾರದಿಂದ ನಾನು ಇಬ್ಬರ ಜಗಳ ಎಂದುಕೊಂಡಿದ್ದೆ. ಜಗಳವೇ ಇರಲಿಲ್ಲ. ಒಂದೇ ಸುಳ್ಳಿನ ಎರಡು ತುದಿ ಹಿಡಿದು ಇಬ್ಬರೂ ಎಳೆಯುತ್ತಿದ್ದರು, ನಾನು ಒಂದು ತುದಿಗೆ ಜೋತುಬಿದ್ದು ನ್ಯಾಯ ನ್ಯಾಯ ಎನ್ನುತ್ತಿದ್ದೆ. ಇಪ್ಪತ್ತೇಳು ವರ್ಷ ಕಳ್ಳರನ್ನು ಕಂಡು ಮೂಗು ಮುರಿದವಳು ಕಳ್ಳನ ಮಗಳ ಪರವಾಗಿ, ಕಳ್ಳಮಾಲನ್ನು ಬಟ್ಟೆಯಲ್ಲಿ ಸುತ್ತಿ, ಕಂಕುಳಲ್ಲಿ ಇಟ್ಟುಕೊಂಡು ಇಲ್ಲಿಗೆ ಬಂದಿದ್ದೆ.

ಸಾಹುಕಾರ ರಾಜಿ ಪತ್ರವನ್ನು ತನ್ನ ಕಡೆ ಎಳೆದುಕೊಂಡ. ಪೆನ್ನು ತೆಗೆದು ಕೆಳಗಡೆ ಕೈಯಲ್ಲೇ ಒಂದು ಸಾಲು ಬರೆದ. ಬರೆದು ತಿರುಗಿಸಿ ಟೀಚರಮ್ಮನ ಮುಂದಿಟ್ಟ.

"ಇನ್ಮೇಲೆ ಅಚ್ಚಾಗೋ ಪ್ರತಿ ಪಟದ ಮೇಲೂ ಚಿತ್ರಗಾರ ಅಂತ ನಿಮ್ಮಪ್ಪನ ಹೆಸರು. ದಪ್ಪ ಅಕ್ಷರದಲ್ಲಿ. ನೀವು ಕೇಳಿದ್ದೇ ಅದು ಅಲ್ವಾ? ತಗೊಳ್ಳಿ. ಹೆಸರು ನಿಮಗೆ, ಪಟ ನಮಗೆ. ಹಲ್ಲಿನ ವಿಷಯ ಈ ಕೋಣೆ ದಾಟಬಾರದು."

"ನಿಮ್ಮ ತಾಯಿ?" ಅಂದೆ.

"ಅಮ್ಮನಿಗೆ ಎಂಬತ್ತಾರು. ಕುಂಚ ಬಿಟ್ಟು ಐವತ್ತು ವರ್ಷ ಆಯ್ತು. ಯಾವತ್ತೂ ಕೇಳಿಲ್ಲ, ಇನ್ನು ಕೇಳೋದೂ ಇಲ್ಲ." ನನ್ನ ಕಡೆ ನೋಡಿದ. "ನೀವು ಬೇಕಾದ್ರೆ ಮೆಟ್ಲು ಹತ್ತಿ ಹೋಗಿ ಹೇಳಿ ಮುದ್ರೆಯಮ್ಮ. ನಾಡಿದ್ದು ನಾನು ಪಟ ಕಳ್ಕೋತೀನಿ. ಇವರು ಅಪ್ಪನ್ನ ಕಳ್ಕೋತಾರೆ. ಕಳ್ಳ ಅಂತ ಕೋರ್ಟಲ್ಲಿ ಓದಿ ಹೇಳ್ತಾರೆ, ಇವರ ಸ್ಕೂಲಿನ ಮಕ್ಕಳೂ ಕೇಳಿಸ್ಕೋತಾರೆ. ನೀವು ಯಾರ ಪರ ಬಂದಿದ್ದೀರಿ, ನೆನಪಿದೆ ಅಲ್ವಾ?"

ನೆನಪಿತ್ತು. ಬೆಳಿಗ್ಗೆ ಟೀಚರಮ್ಮ ಬೆಂಚಿನ ಮೇಲೆ ಕೂತು, ನಾಡಿದ್ದು ಕಳೆದರೆ ಅಪ್ಪನ ಫೋಟೋ ಮುಂದೆ ನಿಂತು ಹೆಸರು ಬಂತು ಅಂತ ಹೇಳ್ತೀನಿ ಅಕ್ಕ ಎಂದಿದ್ದಳು.

"ಬೇಡಮ್ಮ," ಅಂದೆ ಅವಳಿಗೆ. "ಎದ್ದೇಳು, ಹೋಗೋಣ."

ಟೀಚರಮ್ಮ ಏಳಲಿಲ್ಲ. ಹಾಳೆಯಲ್ಲಿ ಕೈಬರಹದ ಆ ಒಂದು ಸಾಲನ್ನೇ ನೋಡುತ್ತಿದ್ದಳು. ಅಪ್ಪನ ಹೆಸರು ಅಲ್ಲಿತ್ತು. ಇದೇ ಹಾಳೆಯನ್ನು ಅರ್ಧ ಗಂಟೆಯ ಹಿಂದೆ ಬೆರಳ ತುದಿಯಿಂದ ತಳ್ಳಿದವಳು ಈಗ ಅದರ ಅಂಚನ್ನು ಎರಡೂ ಕೈಯಿಂದ ಹಿಡಿದಿದ್ದಳು. ಕೆರೆದ ಮೂಲೆಯ ರಟ್ಟು ಪಕ್ಕದಲ್ಲೇ ಇತ್ತು. ಅದರ ಕಡೆ ಅವಳು ತಿರುಗಿಯೂ ನೋಡಲಿಲ್ಲ.

"ಎಲ್ಲಿ ಸಹಿ ಮಾಡ್ಬೇಕು?" ಅಂದಳು.

ಸಾಹುಕಾರ ಬೆರಳಿಟ್ಟು ತೋರಿಸಿದ. ಅವಳು ಪೆನ್ನಿನ ಮುಚ್ಚಳ ತೆಗೆದಳು.

ಆಗಲೇ ನನಗೆ ಆ ಸದ್ದು ಕೇಳಿದ್ದು. ಬೆಳಿಗ್ಗೆ ತಲೆಯ ಮೇಲೆ ಕುಟ್ಟಿದ್ದ ಕೋಲು ಈಗ ಮೇಲಿರಲಿಲ್ಲ. ಮೆಟ್ಟಿಲ ಮೇಲಿತ್ತು. ಒಂದು ಮೆಟ್ಟಿಲು, ಒಂದು ನಿಟ್ಟುಸಿರು, ಮತ್ತೊಂದು ಮೆಟ್ಟಿಲು. ಸಾಹುಕಾರನಿಗೂ ಕೇಳಿಸಿತು. ಅರವತ್ತೊಂದು ವರ್ಷದ ಮನುಷ್ಯ ಐದರ ಮಗುವಿನ ಹಾಗೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ.

ಹೊರಗೆ ವಕೀಲ ಏನೋ ತಡೆದು ಹೇಳುತ್ತಿದ್ದ. ಚೀಟಿ ಬರೆಯುವ ಹೆಂಗಸಿನ ಕುರ್ಚಿ ಸರಿದ ಸದ್ದಾಯಿತು. ಕೋಲು ಬಾಗಿಲ ಹತ್ತಿರ ಬಂದು ನಿಂತಿತು, ಹಿಡಿಕೆ ತಿರುಗಿತು.

"ಹತ್ತೊಂಬತ್ತು ಅಂತ ಚೀಟಿಯಲ್ಲಿ ಬರೆದವರು ಯಾರು?" ಎಂದು ಕೇಳಿತು ಒಂದು ಮುದಿ ದನಿ.